ಕೊಂಡಿಯೋ ಫೋಲ್ಡರೋ: ಐದು ಫೈಲ್ ಮ್ಯಾನೇಜರ್‌ಗಳನ್ನು ಒರೆಗೆ ಹಚ್ಚಿದಾಗ

ಫೋಲ್ಡರ್ ಇರುವುದು ಡಿ ಡ್ರೈವ್‌ನಲ್ಲಿ, ಕಾಣಬೇಕಾದದ್ದು ಸಿ ಡ್ರೈವ್‌ನಲ್ಲಿ. ಈ ಕೆಲಸಕ್ಕೆ ಶಾರ್ಟ್‌ಕಟ್, ಜಂಕ್ಷನ್, ಸಿಮ್‌ಲಿಂಕ್, ಏಲಿಯಾಸ್ ಎಂದು ನಾನಾ ಬಗೆಯ ಕೊಂಡಿಗಳಿವೆ. ಡಬಲ್ ಕ್ಲಿಕ್ ಮಾಡಿ ಒಳಗೆ ನೋಡುವಷ್ಟರಲ್ಲಿ ಎಲ್ಲವೂ ಒಂದೇ. ಬಣ್ಣ ಬಯಲಾಗುವುದು ಮೂರು ಕಡೆ: ಕಾಪಿ ಮಾಡುವಾಗ, ಡಿಲೀಟ್ ಮಾಡುವಾಗ, ಒಂದು ಹಂತ ಮೇಲಿನ ಫೋಲ್ಡರ್‌ಗೆ ಹೋಗುವಾಗ. ಆ ಹೊತ್ತಿನಲ್ಲಿ ನಾವು ಮುಟ್ಟುತ್ತಿರುವುದು ಕೊಂಡಿಯನ್ನೋ ಮೂಲವನ್ನೋ ಎಂದು ಫೈಲ್ ಮ್ಯಾನೇಜರ್ ಸ್ಪಷ್ಟವಾಗಿ ಹೇಳಬೇಕು. ಇಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್, ಮ್ಯಾಕ್‌ನ ಫೈಂಡರ್, ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ನ ನಾಟಿಲಸ್, ಅಲ್ಲಿನದೇ ಕೆಡಿಇ ಡೆಸ್ಕ್‌ಟಾಪ್‌ನ ಡಾಲ್ಫಿನ್, ಮಿಡ್‌ನೈಟ್ ಕಮಾಂಡರ್ ಈ ಐದನ್ನು ತೂಗಿರುವುದು ಆ ಒಂದೇ ತಕ್ಕಡಿಯಲ್ಲಿ.

ಎಕ್ಸ್‌ಪ್ಲೋರರ್‌ನಿಂದಲೇ ಶುರು ಮಾಡಬೇಕು. ಹೆಚ್ಚು ಜನ ಬಳಸುವುದೂ ಅದನ್ನೇ, ಹೆಚ್ಚು ಗೊಂದಲ ಇರುವುದೂ ಅಲ್ಲೇ. ಅದರಲ್ಲಿ ಒಂದೇ ಬಾಣದ ಗುರುತಿನಡಿ ಬೇರೆ ಬೇರೆ ವಸ್ತುಗಳು ಕೂತಿವೆ. ಮೊದಲನೆಯದು ಸಾಮಾನ್ಯ ಶಾರ್ಟ್‌ಕಟ್, ಅಂದರೆ ಎಲ್ಎನ್‌ಕೆ ಕಡತ. ಅದು ನಿಜಕ್ಕೂ ಒಂದು ಚಿಕ್ಕ ಕಡತ. ಒಳಗೆ ಮೂಲದ ದಾರಿ, ಡ್ರೈವ್‌ನ ಸರಣಿ ಸಂಖ್ಯೆ, ಮೂಲದ ಗುರುತು ಸಂಖ್ಯೆ ಇಂಥವು ಬರೆದಿರುತ್ತವೆ. ಅದರಿಂದಲೇ ಎನ್‌ಟಿಎಫ್‌ಎಸ್ (ವಿಂಡೋಸ್ ತನ್ನ ಡ್ರೈವ್‌ಗಳಲ್ಲಿ ಕಡತಗಳನ್ನು ಜೋಡಿಸಿಡುವ ಪದ್ಧತಿ) ಡ್ರೈವ್‌ನಲ್ಲಿ ಮೂಲ ಫೋಲ್ಡರ್‌ನ ಜಾಗ ಬದಲಾದರೂ ಶಾರ್ಟ್‌ಕಟ್ ಬಹಳ ಸಲ ಅದನ್ನು ಹುಡುಕಿಕೊಂಡು ಹೋಗುತ್ತದೆ. ಆದರೆ ಈ ಕಡತವನ್ನು ಓದಲು ಬರುವುದು ವಿಂಡೋಸ್ ಶೆಲ್‌ಗೆ, ಅಂದರೆ ಎಕ್ಸ್‌ಪ್ಲೋರರ್ ಮತ್ತು ಅದರ ಬಳಗಕ್ಕೆ ಮಾತ್ರ. ಪೈಥಾನ್ ಸ್ಕ್ರಿಪ್ಟ್‌ಗೆ, ಕಮಾಂಡ್ ಪ್ರಾಂಪ್ಟ್‌ಗೆ, ಬ್ಯಾಕಪ್ ತಂತ್ರಾಂಶಕ್ಕೆ ಅದು ಫೋಲ್ಡರೇ ಅಲ್ಲ. ಫೈಲ್ ಎಕ್ಸ್‌ಟೆನ್ಶನ್ ತೋರಿಸು ಎಂದು ಸೆಟ್ಟಿಂಗ್ ಹಾಕಿದರೂ ಎಲ್ಎನ್‌ಕೆ ಎಂಬ ಬಾಲ ಕಾಣುವುದಿಲ್ಲ. ವಿಂಡೋಸ್‌ನ ಸೆಟ್ಟಿಂಗ್‌ಗಳ ಕಣಜವಾದ ರಿಜಿಸ್ಟ್ರಿಯಲ್ಲೇ ಅದನ್ನು ಎಂದೂ ತೋರಿಸಬೇಡ ಎಂದು ಬರೆದಿದೆ. ಪೆನ್‌ಡ್ರೈವ್‌ಗೆ ಶಾರ್ಟ್‌ಕಟ್ ಮಾತ್ರ ಕಾಪಿ ಮಾಡಿಕೊಂಡು ಪ್ರಿಂಟ್ ಅಂಗಡಿಗೆ ಹೋಗುವವರಿಗೆ ಅಲ್ಲಿ ಸಿಗುವುದು ಕನ್ನಡಿಯೊಳಗಿನ ಗಂಟು.

ಎರಡನೆಯದು ಜಂಕ್ಷನ್, ವಿಂಡೋಸ್ 2000ದಿಂದ ಇದೆ. ಮೂರನೆಯದು ಸಿಮ್‌ಲಿಂಕ್, ವಿಸ್ತಾದಲ್ಲಿ ಬಂತು. ಇವೆರಡೂ ಎನ್‌ಟಿಎಫ್‌ಎಸ್ ಮಟ್ಟದಲ್ಲೇ ಇರುವುದರಿಂದ ಬಹುತೇಕ ತಂತ್ರಾಂಶಗಳು ಇವನ್ನು ನಿಜವಾದ ಫೋಲ್ಡರ್ ಎಂದೇ ನಂಬುತ್ತವೆ. ಜಂಕ್ಷನ್ ಅದೇ ಕಂಪ್ಯೂಟರಿನ ಡ್ರೈವ್‌ಗಳಿಗೆ ಮಾತ್ರ, ಪೂರ್ಣ ದಾರಿಯನ್ನೇ ಬರೆದಿಟ್ಟುಕೊಳ್ಳುತ್ತದೆ. ಮಾಡಲು ಅಡ್ಮಿನ್ ಅನುಮತಿ ಬೇಡ. ಸಿಮ್‌ಲಿಂಕ್ ನೆಟ್‌ವರ್ಕ್ ಫೋಲ್ಡರ್‌ಗೂ ಆಗುತ್ತದೆ, ಸಾಪೇಕ್ಷ ದಾರಿಯನ್ನೂ (ಕೊಂಡಿ ಇರುವ ಜಾಗದಿಂದ ಎಣಿಸುವ ದಾರಿ) ಒಪ್ಪುತ್ತದೆ. ಆದರೆ ಅಡ್ಮಿನ್ ಆಗಿರಬೇಕು, ಇಲ್ಲವೇ ವಿಂಡೋಸ್ 10ರ 1703ನೇ ಆವೃತ್ತಿಯಿಂದ ಈಚೆಗೆ ಡೆವಲಪರ್ ಮೋಡ್ ಆನ್ ಇರಬೇಕು. ಇನ್ನೊಂದು ಅಪರೂಪದ ಬಗೆಯೂ ಇದೆ. ದಿಸ್ ಪಿಸಿಯಲ್ಲಿ ನೆಟ್‌ವರ್ಕ್ ಜಾಗ ಸೇರಿಸಿದಾಗ ವಿಂಡೋಸ್ ಮಾಡುವುದು ಡೆಸ್ಕ್‌ಟಾಪ್ ಡಾಟ್ ಐಎನ್ಐ ಮತ್ತು ಟಾರ್ಗೆಟ್ ಡಾಟ್ ಎಲ್ಎನ್‌ಕೆ ಎಂಬ ಎರಡು ಕಡತಗಳಿರುವ ಒಂದು ಫೋಲ್ಡರ್. ಎಕ್ಸ್‌ಪ್ಲೋರರ್‌ನಲ್ಲಿ ಅದು ಸರ್ವರ್‌ಗೆ ಬಾಗಿಲು. ಬೇರೆ ಯಾವ ತಂತ್ರಾಂಶದಲ್ಲಿ ತೆರೆದರೂ ಕಾಣುವುದು ಆ ಎರಡು ಕಡತಗಳಷ್ಟೇ.

ಇಷ್ಟೆಲ್ಲ ಇದ್ದೂ ಎಕ್ಸ್‌ಪ್ಲೋರರ್‌ನ ಮೆನುವಿನಲ್ಲಿ ಮಾಡಲು ಸಿಗುವುದು ಶಾರ್ಟ್‌ಕಟ್ ಒಂದೇ. ಜಂಕ್ಷನ್, ಸಿಮ್‌ಲಿಂಕ್ ಬೇಕೆಂದರೆ ಕಮಾಂಡ್ ಪ್ರಾಂಪ್ಟ್‌ಗೆ ಹೋಗಬೇಕು. ಇಷ್ಟು ವರ್ಷವಾದರೂ ಈ ಕೊರತೆಯನ್ನು ತುಂಬದೇ ಇರುವುದು ಒಪ್ಪುವ ಮಾತಲ್ಲ.

ಬಹಳ ಜನರಿಗೆ ಬೇಕಾಗುವ ಒಂದು ಉದಾಹರಣೆ ನೋಡೋಣ. ಐಫೋನ್ ಬ್ಯಾಕಪ್ 256 ಜಿಬಿಯ ಸಿ ಡ್ರೈವನ್ನು ತುಂಬಿಬಿಡುತ್ತದೆ. ಐಟ್ಯೂನ್ಸ್‌ನಲ್ಲಿ ಜಾಗ ಬದಲಿಸುವ ಸೆಟ್ಟಿಂಗ್ ಇಲ್ಲ. ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಹಾಕಿದ ಐಟ್ಯೂನ್ಸ್ ಆದರೆ ಬ್ಯಾಕಪ್ ಇರುವುದು ಬಳಕೆದಾರರ ಫೋಲ್ಡರ್‌ನಲ್ಲಿ ಆಪಲ್, ಅದರೊಳಗೆ ಮೊಬೈಲ್‌ಸಿಂಕ್, ಅದರೊಳಗೆ ಬ್ಯಾಕಪ್. ಮೊದಲು ಐಟ್ಯೂನ್ಸ್ ಮುಚ್ಚಿ. ಬ್ಯಾಕಪ್ ಫೋಲ್ಡರನ್ನು ಡಿ ಡ್ರೈವ್‌ಗೆ ಕಾಪಿ ಮಾಡಿ, ಕಟ್ ಮಾಡಬೇಡಿ. ಎರಡೂ ಕಡೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಕಡತಗಳ ಸಂಖ್ಯೆ ಮತ್ತು ಗಾತ್ರ ತಾಳೆಯಾಗುತ್ತಿದೆಯೇ ನೋಡಿ. ಆಮೇಲೆ ಸಿ ಡ್ರೈವ್‌ನ ಬ್ಯಾಕಪ್ ಫೋಲ್ಡರ್‌ಗೆ ಬ್ಯಾಕಪ್ ಹಳೆಯದು ಎಂದು ಹೆಸರು ಬದಲಿಸಿ. ಅಳಿಸುವ ಆತುರ ಬೇಡ. ಈಗ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಂಕೆಲಿಂಕ್, ಒಂದು ಸ್ಪೇಸ್, ಸ್ಲ್ಯಾಶ್ ಜೆ, ನಂತರ ಸಿ ಡ್ರೈವ್‌ನ ಪೂರ್ಣ ದಾರಿ, ಕೊನೆಗೆ ಡಿ ಡ್ರೈವ್‌ನ ಪೂರ್ಣ ದಾರಿ, ಎರಡೂ ಡಬಲ್ ಉದ್ಧರಣ ಚಿಹ್ನೆಯೊಳಗೆ. ಹೊಸ ಬ್ಯಾಕಪ್ ಒಮ್ಮೆ ತೆಗೆದು ಕಡತಗಳು ಡಿ ಡ್ರೈವ್‌ಗೆ ಬೀಳುತ್ತಿವೆ ಎಂದು ಖಾತ್ರಿಯಾದ ಮೇಲೆ ಹಳೆಯದನ್ನು ತೆಗೆಯಿರಿ.

ಇಲ್ಲಿ ಎಡವುವ ಜಾಗಗಳು ಹಲವು. ಎಂಕೆಲಿಂಕ್‌ನಲ್ಲಿ ಮೊದಲು ಕೊಂಡಿ, ಆಮೇಲೆ ಮೂಲ. ಲಿನಕ್ಸ್‌ನ ಎಲ್ಎನ್ ಆಜ್ಞೆಯಲ್ಲಿ ಇದು ತಿರುವುಮುರುವು. ಎಂಕೆಲಿಂಕ್ ಕಮಾಂಡ್ ಪ್ರಾಂಪ್ಟ್‌ನ ಒಳಗಿನ ಆಜ್ಞೆ, ಪವರ್‌ಶೆಲ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ಕೊಂಡಿಯ ಹೆಸರಿನಲ್ಲಿ ಫೋಲ್ಡರ್ ಮೊದಲೇ ಇದ್ದರೆ ಆಜ್ಞೆ ಸೋಲುತ್ತದೆ. ಹೆಸರು ಬದಲಿಸಿ ಎಂದದ್ದು ಅದಕ್ಕೂ ಹೌದು. ಎಲ್ಲಕ್ಕಿಂತ ಮುಖ್ಯವಾಗಿ, ಮೂಲ ಇದೆಯೋ ಇಲ್ಲವೋ ಎಂದು ಎಂಕೆಲಿಂಕ್ ನೋಡುವುದೇ ಇಲ್ಲ. ಒಂದು ಅಕ್ಷರ ತಪ್ಪಿದರೂ ಕೊಂಡಿ ಸಲೀಸಾಗಿ ಹುಟ್ಟುತ್ತದೆ, ಗೊತ್ತಾಗುವುದು ತೆರೆಯಲು ಹೋದಾಗ. ಹೊರಗಿನ ಯುಎಸ್‌ಬಿ ಡಿಸ್ಕ್‌ಗೆ ಜಂಕ್ಷನ್ ಮಾಡಿದವರು ಇನ್ನೊಂದು ವಿಷಯ ನೆನಪಿಡಬೇಕು: ಡಿಸ್ಕ್‌ನ ಅಕ್ಷರ ಇ ಇಂದ ಎಫ್ ಆದರೆ ಕೊಂಡಿ ಸತ್ತಂತೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಅಕ್ಷರವನ್ನು ಖಾಯಂ ಮಾಡಿಡುವುದು ಒಳ್ಳೆಯದು.

ಕನ್ನಡದಲ್ಲಿ ಫೋಲ್ಡರ್ ಹೆಸರಿಡುವವರಿಗೆ ಈ ತಾಪತ್ರಯ ಇಮ್ಮಡಿ. 'ಫೋಟೋಗಳು' ಎನ್ನುವಲ್ಲಿ ಓಕಾರದ ಚಿಹ್ನೆ ಒಂದೇ ಸಂಕೇತವಾಗಿಯೂ ಇರಬಹುದು, ಬಿಡಿ ಭಾಗಗಳಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಎನ್‌ಟಿಎಫ್‌ಎಸ್‌ಗೆ ಎರಡು ಬೇರೆ ಹೆಸರು. 'ಬ್ಯಾಂಕ್‌ನ' ಎಂಬಂಥ ಪದದಲ್ಲಿ ಅಕ್ಷರ ಕೂಡದಂತೆ ತಡೆಯುವ ಕಾಣದ ಸಂಕೇತ ಒಂದು ಕೂತಿರುತ್ತದೆ. ಅದನ್ನು ಬಿಟ್ಟು ಟೈಪ್ ಮಾಡಿದರೆ ಕೊಂಡಿ ಇಲ್ಲದ ಫೋಲ್ಡರ್ ಕಡೆಗೆ ಬೆರಳು ತೋರಿಸುತ್ತದೆ. ಆದ್ದರಿಂದ ಕನ್ನಡ ಹೆಸರನ್ನು ಎಂದೂ ಕೈಯಲ್ಲಿ ಟೈಪ್ ಮಾಡಬೇಡಿ. ವಿಂಡೋಸ್ 10ರಲ್ಲಿ ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿದರೆ ಕಾಪಿ ಆಸ್ ಪಾತ್ ಸಿಗುತ್ತದೆ. ವಿಂಡೋಸ್ 11ರಲ್ಲಿ ಕಂಟ್ರೋಲ್, ಶಿಫ್ಟ್, ಸಿ. ಅದನ್ನೇ ಪೇಸ್ಟ್ ಮಾಡಿ. ಹಳೆಯ ಕಮಾಂಡ್ ಪ್ರಾಂಪ್ಟ್ ಕಿಟಕಿಯಲ್ಲಿ ಕನ್ನಡದ ಬದಲು ಚೌಕಗಳು ಕಂಡರೆ ಗಾಬರಿ ಬೇಡ, ಕೊಂಡಿ ಸರಿಯಾಗಿಯೇ ಆಗಿರುತ್ತದೆ. ಬ್ಯಾಚ್ ಫೈಲ್‌ನಲ್ಲಿ ಬರೆಯುವುದಾದರೆ ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿ, ಮೊದಲ ಸಾಲಿನಲ್ಲೇ ಸಿಎಚ್‌ಸಿಪಿ 65001 ಹಾಕಿ. ಇಲ್ಲದಿದ್ದರೆ ಹೆಸರು ಕಲಸುಮೇಲೋಗರವಾಗುತ್ತದೆ.

ಈಗ ಒರೆಗಲ್ಲಿಗೆ ಬರೋಣ. ಡಿಲೀಟ್ ವಿಷಯದಲ್ಲಿ ಎಕ್ಸ್‌ಪ್ಲೋರರ್ ಸುಧಾರಿಸಿದೆ. ಎಕ್ಸ್‌ಪಿ ಕಾಲದಲ್ಲಿ ಜಂಕ್ಷನ್ ಅಳಿಸಲು ಹೋಗಿ ಮೂಲದ ಕಡತಗಳೇ ಹೋಗುವ ಅಪಾಯವಿತ್ತು. ವಿಸ್ತಾದಿಂದ ಈಚೆಗೆ ಹೋಗುವುದು ಕೊಂಡಿ ಮಾತ್ರ. ಆದರೆ ಹಾಗೆಂದು ಪರದೆಯ ಮೇಲೆ ಹೇಳುವುದಿಲ್ಲ. ಅಳಿಸಲೇ ಎಂದು ಕೇಳುವ ಪ್ರಶ್ನೆಯಲ್ಲಿ ಫೋಲ್ಡರ್‌ಗೂ ಕೊಂಡಿಗೂ ಭೇದವೇ ಇಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಮಾತ್ರ ಎಚ್ಚರ ಬೇಕು. ಆರ್‌ಎಂಡಿಐಆರ್ ಹಾಕಿದರೆ ಕೊಂಡಿ ಹೋಗುತ್ತದೆ. ಡಿಇಎಲ್ ಹಾಕಿ ಬರುವ ಪ್ರಶ್ನೆಗೆ ವೈ ಒತ್ತಿದರೆ ಕೊಂಡಿ ಹಾಗೇ ಉಳಿದು ಮೂಲದೊಳಗಿನ ಕಡತಗಳು ಹೋಗುತ್ತವೆ.

ಕಾಪಿಯಲ್ಲಿ ಎಕ್ಸ್‌ಪ್ಲೋರರ್ ಸೋಲುತ್ತದೆ. ಜಂಕ್ಷನ್ ಇರುವ ಫೋಲ್ಡರನ್ನು ಕಾಪಿ ಮಾಡಿದರೆ ಅದು ಕೊಂಡಿಯ ಹಿಂದೆ ಹೋಗಿ ಮೂಲದಲ್ಲಿರುವುದನ್ನೆಲ್ಲ ಹೊತ್ತು ತರುತ್ತದೆ. 2 ಜಿಬಿ ಎಂದುಕೊಂಡ ಫೋಲ್ಡರ್ 80 ಜಿಬಿಯಾಗಿ ಡಿಸ್ಕ್ ತುಂಬಬಹುದು, ಅದೂ ಒಂದು ಮಾತೂ ಕೇಳದೆ. ಕೊಂಡಿಗಳಿರುವ ಫೋಲ್ಡರನ್ನು ಬೇರೆ ಡ್ರೈವ್‌ಗೆ ಕಟ್ ಮಾಡಿ ಹಾಕಲು ಇದೇ ಕಾರಣಕ್ಕೆ ಹೋಗಬಾರದು. ಈ ಕೆಲಸಕ್ಕೆ ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಎಂಬ ಕಾಪಿ ಆಜ್ಞೆ ಬಳಸಿ. ಸ್ಲ್ಯಾಶ್ ಎಕ್ಸ್‌ಜೆ ಕೊಟ್ಟರೆ ಜಂಕ್ಷನ್‌ಗಳನ್ನು ಬಿಟ್ಟು ಮುಂದೆ ಹೋಗುತ್ತದೆ; ಸ್ಲ್ಯಾಶ್ ಎಸ್‌ಎಲ್ ಕೊಟ್ಟರೆ ಸಿಮ್‌ಲಿಂಕನ್ನು ಸಿಮ್‌ಲಿಂಕ್ ಆಗಿಯೇ ಒಯ್ಯುತ್ತದೆ.

ಎಕ್ಸ್‌ಜೆ ಮರೆತು ಬಳಕೆದಾರರ ಫೋಲ್ಡರನ್ನು ಬ್ಯಾಕಪ್ ಮಾಡಿದರೆ ಏನಾಗುತ್ತದೆ ಎನ್ನುವುದು ತಿಳಿದಿರಬೇಕು. ಆಪ್‌ಡೇಟಾದೊಳಗಿನ ಲೋಕಲ್‌ನಲ್ಲಿ ಅಪ್ಲಿಕೇಶನ್ ಡೇಟಾ ಎಂಬ ಅಡಗಿದ ಜಂಕ್ಷನ್ ಇದೆ. ಎಕ್ಸ್‌ಪಿ ಕಾಲದ ತಂತ್ರಾಂಶಗಳಿಗಾಗಿ ಉಳಿಸಿರುವ ಅದು ತೋರಿಸುವುದು ಅದೇ ಲೋಕಲ್ ಫೋಲ್ಡರನ್ನು! ಒಳಹೊಕ್ಕವರಿಗೆ ಮತ್ತೆ ಲೋಕಲ್, ಮತ್ತೆ ಅಪ್ಲಿಕೇಶನ್ ಡೇಟಾ, ಮುಗಿಯುವುದೇ ಇಲ್ಲ. ಸಾಮಾನ್ಯವಾಗಿ ಯಾರೂ ಒಳಗೆ ಹೋಗದಂತೆ ವಿಂಡೋಸ್ ಬಾಗಿಲು ಹಾಕಿಟ್ಟಿರುತ್ತದೆ. ತೆರೆಯಲು ಹೋದರೆ ಆಕ್ಸೆಸ್ ಡಿನೈಡ್ ಎನ್ನುತ್ತದೆ. ಅನುಮತಿ ಬದಲಿಸಿ ಅದನ್ನು ತೆರೆಯುವುದು ಹೇಗೆ ಎಂಬ ಸಲಹೆಗಳನ್ನು ನಂಬಬೇಡಿ. ಅದು ದೋಷವಲ್ಲ, ಕಾವಲು. ರೋಬೋಕಾಪಿಯನ್ನು ಬ್ಯಾಕಪ್ ಮೋಡ್‌ನಲ್ಲಿ ಓಡಿಸಿದಾಗ ಈ ಕಾವಲನ್ನು ದಾಟಿಬಿಡುತ್ತದೆ. ಆಗ ಬ್ಯಾಕಪ್ ಡಿಸ್ಕ್‌ನಲ್ಲಿ ಒಂದರೊಳಗೊಂದು ಹತ್ತಾರು ಅಪ್ಲಿಕೇಶನ್ ಡೇಟಾ ಹುಟ್ಟಿ, ದಾರಿ ತೀರಾ ಉದ್ದವಾಗಿ, ಎಕ್ಸ್‌ಪ್ಲೋರರ್‌ಗೆ ಅಳಿಸಲೂ ಬರದಂತಾಗುತ್ತದೆ. ಬಿಡಿಸುವ ದಾರಿ: ಒಂದು ಖಾಲಿ ಫೋಲ್ಡರ್ ಮಾಡಿ, ಅದನ್ನು ಆ ಕೆಟ್ಟ ಫೋಲ್ಡರ್ ಮೇಲೆ ರೋಬೋಕಾಪಿಯ ಸ್ಲ್ಯಾಶ್ ಎಂಐಆರ್ ಮೂಲಕ ಪ್ರತಿಬಿಂಬಿಸಿ. ಎಂಐಆರ್ ಗುರಿಯಲ್ಲಿರುವುದನ್ನೆಲ್ಲ ಅಳಿಸುತ್ತದೆ, ಹಾಗಾಗಿ ಎಂಟರ್ ಒತ್ತುವ ಮೊದಲು ಗುರಿಯ ದಾರಿಯನ್ನು ಎರಡು ಸಲ ಓದಿ.

ಯಾವುದು ಯಾವ ಬಗೆಯ ಕೊಂಡಿ ಎಂದು ತಿಳಿಯಲು ಎಕ್ಸ್‌ಪ್ಲೋರರ್‌ಗಿಂತ ಡಿಐಆರ್ ಆಜ್ಞೆಯೇ ವಾಸಿ. ಅದಕ್ಕೆ ಸ್ಲ್ಯಾಶ್ ಎಎಲ್ ಸೇರಿಸಿದರೆ ಕೊಂಡಿಗಳನ್ನಷ್ಟೇ ಪಟ್ಟಿ ಮಾಡಿ, ಜಂಕ್ಷನ್ ಅಥವಾ ಸಿಮ್‌ಲಿಂಕ್‌ಡಿ ಎಂದು ಹೆಸರಿಸಿ, ಪಕ್ಕದಲ್ಲೇ ಮೂಲದ ದಾರಿ ಬರೆಯುತ್ತದೆ. ಫೋಲ್ಡರ್ ಗಾತ್ರದ ಲೆಕ್ಕದಲ್ಲೂ ಎಕ್ಸ್‌ಪ್ಲೋರರನ್ನು ಪೂರ್ತಿ ನಂಬುವಂತಿಲ್ಲ. ವಿಂಡೋಸ್ ತನ್ನದೇ ಭಾಗಗಳನ್ನು ಇಟ್ಟುಕೊಳ್ಳುವ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್‌ನ ಬಹಳಷ್ಟು ಕಡತಗಳು ಹಾರ್ಡ್ ಲಿಂಕ್‌ಗಳು, ಒಂದೇ ಕಡತಕ್ಕೆ ಎರಡು ಮೂರು ಹೆಸರು. ಎಕ್ಸ್‌ಪ್ಲೋರರ್ ಪ್ರತಿ ಹೆಸರನ್ನೂ ಬೇರೆಯಾಗಿ ಎಣಿಸಿ ದೊಡ್ಡ ಅಂಕಿ ತೋರಿಸುತ್ತದೆ, ಅದನ್ನು ಕಂಡು ಹೆದರಿ ಆ ಫೋಲ್ಡರ್‌ಗೆ ಕೈ ಹಾಕುವವರಿದ್ದಾರೆ. ನಿಜವಾದ ಗಾತ್ರ ಬೇಕಿದ್ದರೆ ಡಿಐಎಸ್‌ಎಂ ಆಜ್ಞೆಯ ಅನಲೈಜ್ ಕಾಂಪೊನೆಂಟ್ ಸ್ಟೋರ್ ಆಯ್ಕೆ ಇದೆ.

ವಿಂಡೋಸ್ ಬಿಡಲಾಗದವರಿಗೆ ಒಂದು ಪರಿಹಾರವಿದೆ: ಲಿಂಕ್ ಶೆಲ್ ಎಕ್ಸ್‌ಟೆನ್ಶನ್ ಎಂಬ ಉಚಿತ ಸೇರ್ಪಡೆ. ಮೂಲದ ಮೇಲೆ ರೈಟ್ ಕ್ಲಿಕ್ ಮಾಡಿ ಪಿಕ್ ಲಿಂಕ್ ಸೋರ್ಸ್, ಬೇಕಾದ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಡ್ರಾಪ್ ಆಸ್, ಅಲ್ಲಿ ಜಂಕ್ಷನ್ ಅಥವಾ ಸಿಂಬಾಲಿಕ್ ಲಿಂಕ್. ಟೈಪ್ ಮಾಡುವ ಪ್ರಶ್ನೆಯೇ ಇಲ್ಲದ್ದರಿಂದ ಕನ್ನಡ ಹೆಸರಿನ ತೊಂದರೆಯೂ ಇಲ್ಲ. ಜಂಕ್ಷನ್‌ಗೆ ಸರಪಳಿ, ಸಿಮ್‌ಲಿಂಕ್‌ಗೆ ಹಸಿರು ಬಾಣ, ಹಾರ್ಡ್ ಲಿಂಕ್‌ಗೆ ಕೆಂಪು ಬಾಣ ಎಂದು ಗುರುತುಗಳೂ ಬೇರೆ. ಪ್ರಾಪರ್ಟೀಸ್‌ನಲ್ಲಿ ಸೇರುವ ಹೊಸ ಹಾಳೆಯಲ್ಲಿ ಮೂಲದ ದಾರಿ ಕಾಣುತ್ತದೆ. ಸ್ಮಾರ್ಟ್ ಕಾಪಿ ಎಂಬ ಆಯ್ಕೆ ಕೊಂಡಿಗಳ ರಚನೆಯನ್ನು ಉಳಿಸಿ ಕಾಪಿ ಮಾಡುತ್ತದೆ. ಎಕ್ಸ್‌ಪ್ಲೋರರ್‌ನಲ್ಲಿ ಮೊದಲೇ ಇರಬೇಕಿದ್ದದ್ದು ಇದು. ಗುರುತುಗಳು ಕಾಣದಿದ್ದರೆ ತಪ್ಪು ಇದರದ್ದಲ್ಲ. ವಿಂಡೋಸ್ ಇಂಥ ಗುರುತುಗಳಿಗೆ ಒಟ್ಟು 15 ಜಾಗ ಮಾತ್ರ ಕೊಡುತ್ತದೆ, ಒನ್‌ಡ್ರೈವ್ ಮತ್ತು ಡ್ರಾಪ್‌ಬಾಕ್ಸ್ ಸೇರಿ ಅದರಲ್ಲಿ ಹೆಚ್ಚಿನದನ್ನು ಹಿಡಿದುಕೊಂಡಿರುತ್ತವೆ. ಅಂದ ಹಾಗೆ, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನು ಡಿ ಡ್ರೈವ್‌ಗೆ ಸಾಗಿಸಲು ಕೊಂಡಿಯೇ ಬೇಡ. ಪ್ರಾಪರ್ಟೀಸ್‌ನ ಲೊಕೇಶನ್ ಹಾಳೆಯಲ್ಲಿ ಮೂವ್ ಎಂದರೆ ಸಾಕು.

ಫೈಂಡರ್ ಬೇರೆ ಜಾಡಿನದು. ಅದರ ಏಲಿಯಾಸ್ 1991ರ ಸಿಸ್ಟಮ್ 7ರಿಂದ ಬಂದದ್ದು. ದಾರಿಯ ಜೊತೆಗೆ ಮೂಲದ ಗುರುತು ಸಂಖ್ಯೆಯನ್ನೂ ಇಟ್ಟುಕೊಳ್ಳುವುದರಿಂದ ಮೂಲದ ಹೆಸರು ಬದಲಿಸಿ, ಅದೇ ಡಿಸ್ಕ್‌ನಲ್ಲಿ ಜಾಗ ಬದಲಿಸಿ, ಏಲಿಯಾಸ್ ತಪ್ಪುವುದಿಲ್ಲ. ಈ ವಿಷಯದಲ್ಲಿ ಉಳಿದ ನಾಲ್ಕೂ ಇದರ ಹಿಂದೆಯೇ. ಆಪ್ಷನ್ ಮತ್ತು ಕಮಾಂಡ್ ಹಿಡಿದು ಎಳೆದರೆ ಏಲಿಯಾಸ್ ಸಿದ್ಧ. ಕಮಾಂಡ್ ಆರ್ ಒತ್ತಿದರೆ ಮೂಲ ಎಲ್ಲಿದೆ ಎಂದು ತೋರಿಸುತ್ತದೆ. ತಪ್ಪಿಹೋದರೆ ಗೆಟ್ ಇನ್ಫೋದಲ್ಲಿ ಹೊಸ ಮೂಲ ಆರಿಸಬಹುದು. ಕುಂದು ಒಂದೇ, ಆದರೆ ದೊಡ್ಡದು. ಟರ್ಮಿನಲ್‌ನಲ್ಲಿ ಎಲ್ಎನ್ ಬಳಸಿ ಮಾಡಿದ ಸಿಮ್‌ಲಿಂಕನ್ನೂ ಫೈಂಡರ್ ಏಲಿಯಾಸ್ ಎಂದೇ ಕರೆಯುತ್ತದೆ, ಬಾಣವೂ ಅದೇ. ಟರ್ಮಿನಲ್‌ಗೆ ಸಿಮ್‌ಲಿಂಕ್ ಅರ್ಥವಾಗುತ್ತದೆ, ಏಲಿಯಾಸ್ ಅರ್ಥವಾಗುವುದಿಲ್ಲ. ಫೋಲ್ಡರ್ ಬದಲಿಸುವ ಸಿಡಿ ಆಜ್ಞೆ ಕೊಟ್ಟು ಏಲಿಯಾಸ್ ಒಳಗೆ ಹೋಗಲು ನೋಡಿದರೆ ಇದು ಡೈರೆಕ್ಟರಿ ಅಲ್ಲ ಎನ್ನುತ್ತದೆ. ಸ್ಕ್ರಿಪ್ಟ್ ಬರೆಯುವವರು ಫೈಂಡರ್ ತೋರಿಸುವ ಹೆಸರನ್ನು ನಂಬದೆ ಟರ್ಮಿನಲ್‌ನಲ್ಲಿ ಎಲ್‌ಎಸ್, ಹೈಫನ್ ಎಲ್ ಹಾಕಿ ನೋಡಬೇಕು. ಸಿಮ್‌ಲಿಂಕ್ ಆದರೆ ಬಾಣ ಮತ್ತು ದಾರಿ ಕಾಣುತ್ತದೆ.

ನಾಟಿಲಸ್ ಕಾಪಿ ಮತ್ತು ಡಿಲೀಟ್ ಎರಡರಲ್ಲೂ ಪಾಸು: ಕೊಂಡಿಯನ್ನು ಕೊಂಡಿಯಾಗಿಯೇ ಒಯ್ಯುತ್ತದೆ, ಕಸದ ಬುಟ್ಟಿಗೆ ಹೋಗುವುದೂ ಕೊಂಡಿ ಮಾತ್ರ. ಕೊಂಡಿ ಮಾಡುವ ಆಯ್ಕೆಯನ್ನು ಮಾತ್ರ ಮೆನುವಿನಿಂದ ಅಡಗಿಸಿದ್ದಾರೆ. ಪ್ರಿಫರೆನ್ಸಸ್‌ಗೆ ಹೋಗಿ ಕ್ರಿಯೇಟ್ ಲಿಂಕ್ ಆನ್ ಮಾಡಿಕೊಳ್ಳಬೇಕು. ಇದರ ನಿಜವಾದ ತಪ್ಪು ಬೇರೆ ಇದೆ. ಮುರಿದ ಕೊಂಡಿಯನ್ನು ಕ್ಲಿಕ್ ಮಾಡಿದರೆ ಕೊಂಡಿ ಮುರಿದಿದೆ, ಕಸಕ್ಕೆ ಹಾಕಲೇ ಎಂದು ಕೇಳುತ್ತದೆ. ಹೊರಗಿನ ಡಿಸ್ಕ್ ಇನ್ನೂ ಸಿಕ್ಕಿಸಿಲ್ಲ ಎಂಬ ಕಾರಣಕ್ಕೂ ಕೊಂಡಿ ಮುರಿದಂತೆಯೇ ಕಾಣುತ್ತದೆ. ಡಿಸ್ಕ್ ಸಿಕ್ಕಿಸಿದರೆ ಸರಿಹೋಗುವುದನ್ನು ಕಸಕ್ಕೆ ಹಾಕು ಎಂದು ಸೂಚಿಸುವುದು ತಪ್ಪು ಸಲಹೆ. ರದ್ದು ಮಾಡಿ, ಮೊದಲು ಡಿಸ್ಕ್ ನೋಡಿ.

ಮೌಸ್ ಹಿಡಿದು ಕೆಲಸ ಮಾಡುವವರಿಗೆ ಡಾಲ್ಫಿನ್ ಉತ್ತಮ. ಫೋಲ್ಡರನ್ನು ಎಳೆದು ಬಿಟ್ಟ ಜಾಗದಲ್ಲಿ ಸಾಗಿಸು, ಕಾಪಿ ಮಾಡು, ಲಿಂಕ್ ಮಾಡು ಎಂಬ ಪುಟ್ಟ ಮೆನು ಬರುತ್ತದೆ. ಕೊಂಡಿಗಳ ಹೆಸರು ವಾಲಿದ ಅಕ್ಷರದಲ್ಲಿ ಇರುವುದರಿಂದ ಪಟ್ಟಿಯಲ್ಲಿ ಒಮ್ಮೆ ಕಣ್ಣಾಡಿಸಿದರೆ ಸಾಕು. ವಿವರಗಳ ನೋಟದಲ್ಲಿ ಲಿಂಕ್ ಡೆಸ್ಟಿನೇಶನ್ ಎಂಬ ಕಾಲಂ ಸೇರಿಸಿಕೊಳ್ಳಬಹುದು, ರೈಟ್ ಕ್ಲಿಕ್‌ನಲ್ಲಿ ಶೋ ಟಾರ್ಗೆಟ್ ಇದೆ, ಪ್ರಾಪರ್ಟೀಸ್‌ನಲ್ಲಿ ಮೂಲದ ದಾರಿಯನ್ನು ತಿದ್ದಲೂಬಹುದು. ಒಂದು ಮಿತಿ ಇದಕ್ಕೂ ನಾಟಿಲಸ್‌ಗೂ ಸಮಾನ: ಇವು ಮಾಡುವ ಕೊಂಡಿಗಳಲ್ಲಿ ಇರುವುದು ಪೂರ್ಣ ದಾರಿ. ಕೊಂಡಿ ಮತ್ತು ಮೂಲ ಎರಡೂ ಇರುವ ದೊಡ್ಡ ಫೋಲ್ಡರನ್ನು ಬೇರೆ ಕಂಪ್ಯೂಟರಿಗೆ ಒಯ್ದರೆ ಕೊಂಡಿ ಹಳೆಯ ವಿಳಾಸವನ್ನೇ ಹುಡುಕುತ್ತದೆ. ಸಾಪೇಕ್ಷ ಕೊಂಡಿ ಬೇಕಾದರೆ ಟರ್ಮಿನಲ್‌ನಲ್ಲಿ ಎಲ್ಎನ್‌ಗೆ ಹೈಫನ್ ಎಸ್‌ಆರ್ ಕೊಡಿ. ಬರೀ ಎಸ್ ಕೊಟ್ಟು ಸಾಪೇಕ್ಷ ದಾರಿಯನ್ನು ನೀವೇ ಬರೆದರೆ ಅದನ್ನು ಕೊಂಡಿ ಇರುವ ಫೋಲ್ಡರ್‌ನಿಂದ ಎಣಿಸಬೇಕು, ನೀವು ನಿಂತಿರುವ ಫೋಲ್ಡರ್‌ನಿಂದಲ್ಲ. ಮುರಿದ ಕೊಂಡಿಗಳಲ್ಲಿ ಬಹುಪಾಲು ಹುಟ್ಟುವುದು ಈ ತಪ್ಪಿನಿಂದಲೇ ಎಂದರೂ ನಡೆದೀತು.

ಮಿಡ್‌ನೈಟ್ ಕಮಾಂಡರ್ 1994ರದ್ದು, ಟರ್ಮಿನಲ್‌ನಲ್ಲಿ ಓಡುತ್ತದೆ, ಎರಡು ನೀಲಿ ಫಲಕಗಳ ಹಳೆಯ ಮುಖ. ಆದರೂ ಈ ಐದರಲ್ಲಿ ಮೊದಲ ಸ್ಥಾನ ಇದಕ್ಕೇ. ಫೋಲ್ಡರ್‌ಗೆ ಹೋಗುವ ಕೊಂಡಿಯ ಹಿಂದೆ ಅಲೆಯಂಥ ಗೆರೆ, ಕಡತಕ್ಕೆ ಹೋಗುವ ಕೊಂಡಿಗೆ ಅಟ್ ಚಿಹ್ನೆ, ಮುರಿದ ಕೊಂಡಿಗೆ ಆಶ್ಚರ್ಯಸೂಚಕ. ಕರ್ಸರ್ ಇಟ್ಟರೆ ಫಲಕದ ತಳದಲ್ಲಿ ಮೂಲದ ದಾರಿ. ಕಂಟ್ರೋಲ್ ಎಕ್ಸ್ ಆದಮೇಲೆ ಎಸ್ ಒತ್ತಿದರೆ ಸಿಮ್‌ಲಿಂಕ್, ವಿ ಒತ್ತಿದರೆ ಸಾಪೇಕ್ಷ ಸಿಮ್‌ಲಿಂಕ್, ಎಲ್ ಒತ್ತಿದರೆ ಹಾರ್ಡ್ ಲಿಂಕ್, ಕಂಟ್ರೋಲ್ ಎಸ್ ಒತ್ತಿದರೆ ಇರುವ ಕೊಂಡಿಯನ್ನು ತಿದ್ದುವ ಪೆಟ್ಟಿಗೆ. ಎಫ್5 ಒತ್ತಿ ಕಾಪಿಗೆ ಹೋದಾಗ ಫಾಲೋ ಲಿಂಕ್ಸ್ ಎಂಬ ಗುರುತು ಪೆಟ್ಟಿಗೆ ಕಣ್ಣೆದುರೇ ಇರುತ್ತದೆ: ಗುರುತು ಹಾಕಿದರೆ ಮೂಲ ಬರುತ್ತದೆ, ಹಾಕದಿದ್ದರೆ ಕೊಂಡಿ. ಪಕ್ಕದ ಸ್ಟೇಬಲ್ ಸಿಮ್‌ಲಿಂಕ್ಸ್ ಗುರುತು ಹಾಕಿದರೆ ಸಾಪೇಕ್ಷ ಕೊಂಡಿಗಳನ್ನು ಹೊಸ ಜಾಗಕ್ಕೆ ತಕ್ಕಂತೆ ತಿದ್ದಿ ಒಯ್ಯುತ್ತದೆ. ಕೊಂಡಿಯ ಒಳಗಿಂದ ಮೇಲಕ್ಕೆ ಹೋದಾಗ ಬಂದ ದಾರಿಗೆ ಮರಳಬೇಕೋ ಮೂಲದ ಮೇಲಿನ ಫೋಲ್ಡರ್‌ಗೆ ಹೋಗಬೇಕೋ ಎನ್ನುವುದಕ್ಕೂ ಸಿಡಿ ಫಾಲೋಸ್ ಲಿಂಕ್ಸ್ ಎಂಬ ಸೆಟ್ಟಿಂಗ್ ಇದೆ. ಕಾಪಿ ಮತ್ತು ಮೇಲಕ್ಕೆ ಹೋಗುವ ಪ್ರಶ್ನೆಗಳೆರಡನ್ನೂ ಬಳಸುವವರ ಕೈಗೇ ಬಿಟ್ಟ ಮ್ಯಾನೇಜರ್ ಇಲ್ಲಿ ಇದೊಂದೇ. ಕುಂದುಗಳೂ ಇವೆ. ಬಹುತೇಕ ಟರ್ಮಿನಲ್‌ಗಳಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂಡದೆ ಫಲಕದ ಗೆರೆಗಳು ಓರೆಯಾಗುತ್ತವೆ. ಗ್ನೋಮ್ ಟರ್ಮಿನಲ್‌ನಲ್ಲಿ ಎಫ್10 ಒತ್ತಿದರೆ ಟರ್ಮಿನಲ್‌ನ ಮೆನು ತೆರೆಯಬಹುದು. ಅದರ ಸೆಟ್ಟಿಂಗ್‌ನಲ್ಲಿ ಆ ಕೀಲಿಯನ್ನು ಬಿಡಿಸಿಕೊಳ್ಳಬೇಕು.

ಪೆನ್‌ಡ್ರೈವ್ ಮತ್ತು ಕ್ಲೌಡ್‌ನ ಮಿತಿಯನ್ನು ಯಾವ ಮ್ಯಾನೇಜರೂ ದಾಟಲಾರದು. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಕಡತ ಪದ್ಧತಿಗಳಾದ ಎಫ್ಎಟಿ32, ಎಕ್ಸ್‌ಫ್ಯಾಟ್ ಎರಡಕ್ಕೂ ಸಿಮ್‌ಲಿಂಕ್ ಗೊತ್ತಿಲ್ಲ. ಲಿನಕ್ಸ್‌ನಿಂದ ಕೊಂಡಿ ಕಾಪಿ ಮಾಡಿದರೆ ದೋಷ ಬರುತ್ತದೆ. ಮ್ಯಾಕ್ ಮಾತ್ರ ಎಫ್ಎಟಿ32ರ ಮೇಲೆ 1067 ಬೈಟ್‌ನ ಒಂದು ಕಡತ ಬರೆದು ಅದನ್ನೇ ಕೊಂಡಿ ಎಂದು ತಾನು ಓದಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಅದು ಅರ್ಥವಿಲ್ಲದ ಕಡತ. ಡ್ರಾಪ್‌ಬಾಕ್ಸ್ 2019ರಿಂದ ಹೊರಗಿನ ಫೋಲ್ಡರ್‌ಗೆ ಹೋಗುವ ಸಿಮ್‌ಲಿಂಕ್ ಹಿಂಬಾಲಿಸುವುದನ್ನು ನಿಲ್ಲಿಸಿದೆ. ಒನ್‌ಡ್ರೈವ್‌ನಲ್ಲೂ ಜಂಕ್ಷನ್, ಸಿಮ್‌ಲಿಂಕ್‌ಗಳಿಗೆ ಬೆಂಬಲವಿಲ್ಲ. ಕೊಂಡಿ ಹಾಕಿದ್ದೇನೆ, ಹಾಗಾಗಿ ಕ್ಲೌಡ್‌ನಲ್ಲಿ ಬ್ಯಾಕಪ್ ಆಗಿದೆ ಎಂದು ನಂಬಿದವರು ಇವತ್ತೇ ಬ್ರೌಸರ್‌ನಲ್ಲಿ ಲಾಗಿನ್ ಆಗಿ ಕಡತಗಳು ನಿಜಕ್ಕೂ ಅಲ್ಲಿವೆಯೇ ನೋಡಿಕೊಳ್ಳಿ.

ಇಲ್ಲಿ ಹೆಸರಿಸದ ಫೈಲ್ ಮ್ಯಾನೇಜರ್ ಬಳಸುವವರು ಎರಡೇ ನಿಮಿಷದಲ್ಲಿ ಅದನ್ನು ಪರೀಕ್ಷಿಸಬಹುದು. ಮೂಲ ಎಂಬ ಫೋಲ್ಡರ್ ಮಾಡಿ, ಅದರಲ್ಲಿ ಬೇಡದ ಒಂದು 10 ಎಂಬಿ ಕಡತ ಇಡಿ. ಪರೀಕ್ಷೆ ಎಂಬ ಇನ್ನೊಂದು ಫೋಲ್ಡರ್ ಮಾಡಿ, ಅದರೊಳಗೆ ಮೂಲಕ್ಕೊಂದು ಕೊಂಡಿ ಹಾಕಿ. ಪರೀಕ್ಷೆ ಫೋಲ್ಡರನ್ನು ಕಾಪಿ ಮಾಡಿ. ಕಾಪಿಯೊಳಗಿನ ಕೊಂಡಿಯನ್ನು ತೆರೆದು ಒಂದು ಖಾಲಿ ಕಡತ ಸೇರಿಸಿ: ಅದು ಮೂಲದಲ್ಲೂ ಕಂಡರೆ ಕಾಪಿಯಾದದ್ದು ಕೊಂಡಿ, ಕಾಣದಿದ್ದರೆ ಕಾಪಿಯಾದದ್ದು ಮೂಲದ 10 ಎಂಬಿ. ಕೊನೆಗೆ ಮೊದಲ ಪರೀಕ್ಷೆ ಫೋಲ್ಡರನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಮೂಲದಲ್ಲಿಟ್ಟ ಕಡತ ಉಳಿದಿದೆಯೇ ನೋಡಿ. ಬುಟ್ಟಿ ಖಾಲಿ ಮಾಡುವ ಹಂತವನ್ನು ಬಿಡಬೇಡಿ.